ಜಾಗವಿಲ್ಲದ ತಂಪುಕೋಣೆ

“ಇದೇನಮ್ಮಿ, ಟೊಮೇಟೊನೋ ಮುದುಕಿ ಕೆನ್ನೆನೋ?”

ದಲ್ಲಾಳಿ ಚೋಜಿ ರಿಫ್ಕಾತುವಿನ ಬುಟ್ಟಿಗೆ ಕೈ ತೂರಿಸಿ ಒಂದು ಹಣ್ಣನ್ನು ಪಚಕ್ಕನೆ ಹಿಸುಕಿದ. ರಸ ಅವಳ ಮುಖಕ್ಕೆ ಹಾರಿತು. ಹಮಾಲರು ನಕ್ಕರು.

“ಬೆಳಗ್ಗೆ ಕಲ್ಲಿನಂಗಿದ್ವು ಎಜಮಾನ್ರೆ. ನೀವು ಬಂದಿದ್ದೇ ನಡು ಮಧ್ಯಾಹ್ನ.”

“ನಾನು ಬರೋ ಹೊತ್ತ ನೀನು ಹೇಳ್ತೀಯೇನೇ? ಬುಟ್ಟಿಗೆ ಸಾವಿರ ನೈರಾ. ಕೊಟ್ರೆ ಕೊಡು, ಇಲ್ಲಾಂದ್ರೆ ಹಂದಿಗೆ ಸುರಿ.”

ಆ ಸಂತೆಯ ಕಟ್ಟಳೆಯೇ ಹಾಗೆ. ದಲ್ಲಾಳಿ ಬೆಲೆ ಕೂಗುವ ತನಕ ಬೆಳೆದವರು ಒಂದು ಹಣ್ಣನ್ನೂ ಮಾರುವಂತಿಲ್ಲ. ಮಾರಿದರೆ ಮುಂದಿನ ವಾರ ಅವರ ಬುಟ್ಟಿಯನ್ನು ಯಾವ ಹಮಾಲನೂ ಮುಟ್ಟುವುದಿಲ್ಲ. ಸೂರ್ಯ ನೆತ್ತಿಗೆ ಬಂದು ಹಣ್ಣು ಬಾಡುವವರೆಗೆ ಚೋಜಿ ಹಾಸಿಗೆ ಬಿಡುವುದೂ ಇಲ್ಲ. ರಿಫ್ಕಾತು ಹಳೇ ತವರದ ಗಣಿಯ ಹೊಂಡದಿಂದ ನೀರು ಹೊತ್ತು ಬೆಳೆದ ಆರು ಬುಟ್ಟಿ, ಈ ಸಲದ ಕೊನೆಯ ಕೊಯ್ಲು. ಇದೂ ಹೋದರೆ ಮನೆಯ ಮೂರು ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಸಂತೆಯ ಅಂಚಿನಲ್ಲಿ, ಬೆಳೆದವರ ಹಣ್ಣು ಕೆಡದಿರಲೆಂದು ಕಟ್ಟಿಸಿದ, ತಲೆಯ ಮೇಲೆ ಸೋಲಾರ್ ಹಲಗೆ ಹೊತ್ತ ಬಿಳಿ ತಂಪುಕೋಣೆ ನಿಂತಿತ್ತು. ಅದು ಬಂದ ದಿನವೇ ಚೋಜಿ ಹೇಳಿದ್ದ: “ಹೆಣ ಇಡೋ ಪೆಟ್ಟಿಗೆ ಕಣ್ರಮ್ಮ ಅದು. ಅದರಾಗಿಟ್ಟಿದ್ದು ತಿಂದ್ರೆ ಬಸಿರು ನಿಲ್ಲಕಿಲ್ಲ.” ಹೆಂಗಸರು ಥೂ ಎಂದು ಉಗಿದು ದೂರವಾಗಿದ್ದರು. ರಿಫ್ಕಾತುವೂ ಉಗಿದಿದ್ದಳು. ಕೋಟು ಹಾಕಿಕೊಂಡು ಬಂದು ರಿಬ್ಬನ್ ಕತ್ತರಿಸಿ ಹೋದವರು ಕೊಟ್ಟ ಯಾವುದನ್ನೂ ಅವಳು ನಂಬಿದವಳಲ್ಲ.

ಇವತ್ತು ಮಾತ್ರ ಒಂದು ಬುಟ್ಟಿ ತಲೆಗೇರಿಸಿ ನೆಟ್ಟಗೆ ಅಲ್ಲಿಗೇ ಹೋದಳು. ಬಾಗಿಲು ಕಾಯುವ ನಾನ್ರೆತ್ ಅಡ್ಡ ನಿಂತಳು.

“ಜಾಗ ಇಲ್ಲಕ್ಕ. ತುಂಬೈತೆ.”

“ನಾವ್ಯಾರೂ ಇಡಲ್ಲ. ತುಂಬಿಸಿದ್ದು ದೆವ್ವಾನಾ?”

ನಾನ್ರೆತ್ ಕಳ್ಳಗಣ್ಣಿನಲ್ಲಿ ಚೋಜಿಯ ಕಡೆ ನೋಡಿದಳು. ರಿಫ್ಕಾತು ಅವಳನ್ನು ತಳ್ಳಿ ಬಾಗಿಲೆಳೆದಳು.

ಒಳಗೆ ಸೂರಿನವರೆಗೂ ಬುಟ್ಟಿಗಳು. ಗುರುತಿಗೆಂದು ಒಬ್ಬೊಬ್ಬ ಹೆಂಗಸು ತನ್ನ ಬಟ್ಟೆಯ ಅಂಚು ಹರಿದು ಬುಟ್ಟಿಯ ಬಾಯಿಗೆ ಕಟ್ಟುವುದು ವಾಡಿಕೆ. ಆ ಚೂರುಗಳನ್ನು ಬಿಚ್ಚುವಷ್ಟೂ ತಾಳ್ಮೆ ಆ ಭಡವ ಚೋಜಿಗಿರಲಿಲ್ಲ. ಲರಾಬಾಳ ಹಳದಿ ಚೂರು, ಹನ್ನಾತುವಿನ ಕರಿಹೂವಿನ ಚೂರು, ಅಗೋ, ತನ್ನದೇ ನೀಲಿ. ಹೋದ ಶುಕ್ರವಾರ “ಕೊಳೆತೈತೆ” ಅಂತ ಕಿತ್ತುಕೊಂಡ ಬುಟ್ಟಿ. ಹಣ್ಣು ಒತ್ತಿ ನೋಡಿದಳು. ಗಟ್ಟಿಯಾಗಿತ್ತು.

“ಲರಾಬಾ! ಹನ್ನಾತು! ಬರ್ರೇ! ನಮ್ಮ ಕೊಳೆತ ಹಣ್ಣು ಹೆಂಗವೆ ನೋಡ್ಬರ್ರೇ!”

ಹೆಂಗಸರು ಅನುಮಾನದಿಂದಲೇ ಬಂದರು, ಮುಟ್ಟಿದರು, ಒತ್ತಿದರು, ಮೂಸಿದರು. ಚೋಜಿ ಓಡಿ ಬಂದ.

“ಆಚೆ ಬಾರೇ ರಂಡೆ! ಲಾಗೋಸಿನ ಲಾರಿಗೆ ಇಟ್ಟಿರೋ ಮಾಲು ಅದು!”

“ಲೋ ಚೋಜಿ, ಬೋಳಿಮಗನೆ! ನಮಗೆ ಹೆಣದ ಪೆಟ್ಟಿಗೆ, ನಿನಗೆ ಉಗ್ರಾಣವೇನೋ?”

ಅವಳು ನೀಲಿ ಚೂರಿನ ಬುಟ್ಟಿಯನ್ನು ಬಿಸಿಲಿಗೆಳೆದು ಹಾಕಿದಳು. ಲರಾಬಾ ಇನ್ನೊಂದನ್ನು ಎಳೆದಳು. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವನ ಬುಟ್ಟಿಗಳು ಹೊರಗೆ ಬಿದ್ದವು, ಇವರ ಇವತ್ತಿನ ಬುಟ್ಟಿಗಳು ಒಳಗೆ ಹೋದವು.

“ತಂಪೆಲ್ಲ ಹೋಗ್ತೈತೆ ಕಣ್ರಕ್ಕ, ಒಳಗಾದ್ರೂ ಇರ್ರಿ, ಹೊರಗಾದ್ರೂ ಬರ್ರಿ!” ನಾನ್ರೆತ್ ಅಂಗಲಾಚಿದಳು.

“ಬರ್ಲಿ ಬರ್ಲಿ,” ಚೋಜಿ ಜೇಬಿನಿಂದ ಬೀಗ ತೆಗೆದ. “ಬಂದ ಮೇಲೆ ಜಡೀತೀನಿ. ಪೊಲೀಸ್ನೋರಿಗೂ ಫೋನ್ ಹೋಗೈತೆ.”

ರಿಫ್ಕಾತು ಹೊಸ್ತಿಲಲ್ಲಿ ನಿಂತಳು. ಹೊರಗೆ ಕಾಲಿಟ್ಟರೆ ಆರು ಬುಟ್ಟಿಯೂ ಅವನವೇ. ಅವಳು ಹಿಂದಕ್ಕೆ ಸರಿದು, ಒಳಗಿನಿಂದ ಬಾಗಿಲೆಳೆದು ಅಗಳಿ ಹಾಕಿಬಿಟ್ಟಳು. ಜೊತೆಯಲ್ಲಿ ಲರಾಬಾ, ಹನ್ನಾತು, ಇನ್ನೂ ನಾಲ್ವರು ಉಳಿದರು.

ಹೊರಗೆ ಬಾಗಿಲಿಗೆ ಒದೆ ಬೀಳುತ್ತಿತ್ತು. ಒಳಗೆ ಹೆಂಗಸರು ಸೊಂಟಕ್ಕೆ ಸುತ್ತಿದ್ದ ಮೇಲ್ಬಟ್ಟೆಯನ್ನೇ ಹೆಗಲಿಗೆಳೆದುಕೊಂಡು, ಬೆನ್ನಿಗೆ ಬೆನ್ನು ಕೊಟ್ಟು ಬುಟ್ಟಿಗಳ ನಡುವೆ ಕೂತರು.

“ಎಷ್ಟೊತ್ತೇ ತಡಿಯಾದು ಹಿಂಗೆ?” ಲರಾಬಾಳ ಹಲ್ಲು ಕಟಕಟ ಅನ್ನುತ್ತಿತ್ತು.

“ಹಣ್ಣು ವಾರ ತಡೀತಾವೆ,” ಅಂದಳು ರಿಫ್ಕಾತು. “ನಾವು ಹಣ್ಣಿಗಿಂತ ಕಡೆಯೇನೇ?”