ಎಲಿವೇಟರಿಗೊಂದು ಒಡಪು

ಸುಧಾರಾಣಿ ಬರೆದ ಪ್ರೋಗ್ರಾಮಿನಲ್ಲಿ ಅವಳಿಟ್ಟ ಹೆಸರುಗಳೆಲ್ಲ ಕನ್ನಡದವು. ಕಂಪ್ಲಿಯ ರೈಸ್ ಮಿಲ್ಲಿಗೆಂದು ಹೊಸಪೇಟೆಯ ಪುಟ್ಟ ಆಫೀಸಿನಲ್ಲಿ ಕೂತು ಬರೆದ ಆ ಕೋಡಿನಲ್ಲಿ ಜರಡಿ ಜರಡಿಯೇ, ತೌಡು ತೌಡೇ. ನೆಲ್ಲನ್ನು ಮೇಲಕ್ಕೆತ್ತುವ ನಾಲ್ಕು ಎಲಿವೇಟರುಗಳು ಒಂದೇ ಅಚ್ಚಿನವು. ಮಿಲ್ಲಿನವರು ಅವನ್ನು ನೋಡಿಕೊಳ್ಳುವವರ ಹೆಸರಿನಿಂದಲೇ ಕರೆಯುತ್ತಿದ್ದರು. ಅವಳೂ ಹಾಗೇ ಬರೆದಳು. ಕಂಪ್ಯೂಟರ್ ತಕರಾರು ಎತ್ತಲಿಲ್ಲ. ಎತ್ತಿದವರು ಆಫೀಸಿನ ಯಜಮಾನ ಜಂಬುನಾಥ್.

“ಎಲಿವೇಟರ್ ಒನ್, ಟೂ ಅಂತ ಇಡ್ರಿ. ನಾಳೆ ಬ್ಯಾರೆಯವರು ಈ ಕೋಡ್ ಹೆಂಗ ಓದಬೇಕು?”

“ಮಿಲ್ ನಿಂತಾಗ ಮೊದಲು ಓದೋರು ಮಿಲ್ಲಿನೋರು ಸರ್. ಒಂದು ವಾರ ನೋಡ್ರಿ.”

ಅವರು ಒಪ್ಪಿದರು. ಆದರೆ ಹೆಸರಿನ ದೆಸೆಯಿಂದ ಒಂದೇ ಒಂದು ತೊಂದರೆಯಾದರೂ ಎಲ್ಲವನ್ನೂ ಬದಲಿಸಬೇಕೆಂದು ಷರತ್ತು ಹಾಕಿದರು. ಮುದ್ದಿನಿಂದ ಬರೆದ ಕೋಡು. ಸುಧಾರಾಣಿಗೆ ವಾರವಿಡೀ ಅದೇ ಚಿಂತೆ.

ವಾರದ ಕೊನೆಯ ದಿನ ಫೋನ್ ಬಂತು. ಎದುರಿಗೇ ಕೂತಿದ್ದ ಜಂಬುನಾಥ್, ಸ್ಪೀಕರ್ ಹಾಕ್ರಿ ಎಂದು ಕಣ್ಣಲ್ಲೇ ಹೇಳಿದರು.

“ಮೇಡಮ್ಮಾರೆ, ನಾ ಅಕ್ಕಿ ಆರಿಸೋ ಕರೆಮ್ಮ. ಮಿಲ್ ನಿಂತೈತ್ರಿ. ಎಲ್ಲಾರೂ ಲಾರಿ ಇಳಸಾಕ ಹೋಗ್ಯಾರ, ಇಲ್ಲಿ ನಾ ಒಬ್ಬಾಕಿನೇ.”

“ಅಲ್ಲಿ ಕಂಪ್ಯೂಟರ್ ಟಿವ್ಯಾಗ ಕೆಂಪು ಅಕ್ಷರ ಬಂದಾವಲ್ಲ, ಓದಕ್ಕ.”

“‘ಉತ್ತರ ಕೊಡುತ್ತಿಲ್ಲ’ ಅಂತೈತಿ.”

“ಅದರ ಮುಂಚೆ ಒಂದು ಹೆಸರಿರಬೇಕಲ್ಲ?”

“ಐತಿ. ಓದೀನಿ. ಬಾಯಿಬಿಟ್ಟು ಅನ್ನಂಗಿಲ್ಲ. ನಮ್ಮ ಮನಿಯವರ ಹೆಸರದು.”

ಗಂಡನ ಹೆಸರೆತ್ತದ ಹೆಂಗಸರು ಸುಧಾರಾಣಿಗೆ ಹೊಸಬರಲ್ಲ, ಅವಳ ಅಜ್ಜಿಯೇ ಹಾಗಿದ್ದಳು. ಕೋಡ್ ಬರೆಯುವಾಗ ಮಾತ್ರ ಅದು ನೆನಪಾಗಿರಲಿಲ್ಲ. ನಾಲ್ವರಲ್ಲಿ ಈಕೆಯ ಗಂಡ ಯಾರೋ ದೇವರೇ ಬಲ್ಲ. ಯಾವ ಕಡೆಯ ಮಿಷನ್ ಎಂದು ಕೇಳಿದರೆ, ತಾನು ಆ ಕಡೆ ಹೋಗುವವಳೇ ಅಲ್ಲ, ಯಾವುದು ಯಾರದೆಂದು ತನಗೇನು ಗೊತ್ತು ಎಂದಳು ಕರೆಮ್ಮ.

ಜಂಬುನಾಥ್ ಕುರ್ಚಿಗೆ ಒರಗಿ ಹುಬ್ಬೇರಿಸಿದರು. ಸುಧಾರಾಣಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅಜ್ಜಿಯ ನೆನಪೇ ಕೈಹಿಡಿಯಿತು. ಮದುವೆಮನೆಯಲ್ಲಿ ಎಲ್ಲರೂ ಸೇರಿ ಕಾಡಿದರೆ ಅಜ್ಜಿ ಪ್ರಾಸ ಕಟ್ಟಿ, ಅದರೊಳಗೆ ಅಜ್ಜನ ಹೆಸರು ಸೇರಿಸಿ ಹೇಳುತ್ತಿದ್ದಳು.

“ಕರೆಮ್ಮಕ್ಕ, ಒಡಪಿನಾಗ ಹೇಳಬಹುದಲ್ಲ?”

ಆ ಕಡೆಯಿಂದ ಕಿಸಕ್ಕನೆ ಒಂದು ನಗು. ಗಂಟಲು ಸರಿಮಾಡಿಕೊಂಡು ಕರೆಮ್ಮ ರಾಗ ತೆಗೆದಳು.

“ತುಂಗಭದ್ರಿ ನೀರ ಕುಡದು ತೆನಿ ತೂಗೈತಿ ನೆಲ್ಲು,
ಹಂಪಯ್ಯನ ಹೆಸರ ಹೇಳತೀನಿ, ಹೊತ್ತೇ ನೀ ನಿಲ್ಲು.”

“ಎಡಗಡೆಯಿಂದ ಮೂರನೇ ಹಸಿರು ಗುಂಡಿ ಒತ್ತಕ್ಕ, ಅದೇ ಅವರ ಮಿಷನ್ದು,” ಎಂದಳು ಸುಧಾರಾಣಿ. ಮರುಗಳಿಗೆ ಮಿಲ್ಲಿನ ಸದ್ದು ಆಫೀಸನ್ನೆಲ್ಲ ತುಂಬಿತು.

ಜಂಬುನಾಥ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಂಗ್ಲಿಷಿನಾಗ ಇದ್ದಿದ್ರ ಆಕಿ ಓದ್ತಾನೇ ಇರಲಿಲ್ಲ ಬಿಡ್ರಿ. ಹೆಸರೆಲ್ಲ ಹಂಗೇ ಇರ್ಲಿ. ಅದೊಂದು ಮಾತ್ರ ಬದಲಿಸ್ರಿ, ಪಾಪ, ಆಕಿಗೆ ಮುಜುಗರ.”

ಸುಧಾರಾಣಿಗೆ ಹೋದ ಜೀವ ಬಂದಂತಾಯಿತು. “ಅಕ್ಕಾ, ಆ ಹೆಸರು ತೆಗೀಲೇನು?”

“ಬ್ಯಾಡವ್ವ,” ಎಂದಳು ಕರೆಮ್ಮ, ದನಿ ತಗ್ಗಿಸಿ. “ಮನಿಯವರು ಲಾರಿ ಬಿಟ್ಟು ಬಂದು ಬಾಗಲದಾಗ ನಿಂತು ಕೇಳಿಬಿಟ್ಟಾರ. ಮದುವಿ ದಿನ ಕೇಳಿದ್ದು ಬಿಟ್ರ ಇವತ್ತೇ ಅಂತ. ಇನ್ನೊಮ್ಮೆ ಅನ್ನು ಅಂತಾರ. ಮಿಲ್ ನಡೆಯಾಕತ್ತಿದ್ರ ನಾ ಯಾವ ನೆವ ಮಾಡಿ ಅನ್ನಲಿ? ಇದು ಮತ್ತ ಯಾವಾಗ ನಿಲ್ಲತೈತ್ರಿ?”