ಬಿಳಿ ಬೋಟಿನ ನೆಲ

“ಕೈಯಾಗ ಉಗುರಿಲ್ಲೇನ ನಿನಗ? ಕೈಯಾಗಿನ್ವು ಸವದಿದ್ರ ಕಾಲಾಗಿನ್ವು ಹಚ್ಚಿ ಕೆರಿ! ಅದೂ ಆಗಲಿಲ್ಲಂದ್ರ ನಾಲಿಗಿ ಐತಲ್ಲ, ಕೇರ್ಯಾಗ ಜಗಳ ತಗ್ಯಾಕ ಒಂದ್ ಮಾರು ಹೊರಗ ಬರತೈತಿ, ಅದನ್ನ ಹಚ್ಚಿ ನೆಕ್ಕು!”

ಶಂಕರೆಪ್ಪ ದಂಡೆಯಿಂದ ಬೋಟಿನವರೆಗೆ ಗೂಟಗಳ ಮೇಲೆ ಹಾಸಿದ ಹಲಗೆಯ ಮೇಲೆ ನಿಂತು ಒದರುತ್ತಿದ್ದ. ಬೋಟಿನ ಮೇಲೆ ಮೊಣಕಾಲೂರಿದ್ದ ಸಾವಂತ್ರೆವ್ವ ತಲೆ ಎತ್ತಲಿಲ್ಲ. ಎತ್ತಿದರೆ ಬೈಗುಳ ಮುಖಕ್ಕೆ ಬಡಿಯುತ್ತದೆ, ತಗ್ಗಿಸಿದರೆ ಬೆನ್ನಿಗೆ. ಬೆನ್ನಿಗೆ ರೂಢಿಯಿತ್ತು.

ಹಾಲಿನಂಥ ಬಿಳಿ ಬೋಟು. ಬೇಸಿಗೆಯಲ್ಲಿ ಗೋವೆಯಿಂದ ಲಾರಿಯ ಮೇಲೆ ಮಲಗಿಕೊಂಡು ಸವದತ್ತಿಗೆ ಬಂದು, ಡ್ಯಾಮಿನ ಹಿನ್ನೀರಿಗೆ ಇಳಿದಿತ್ತು. ರಸ್ತೆಯ ಮೇಲೆ ಹೋಗುವ ಜನಕ್ಕೆಲ್ಲ ಕಾಣಲಿ ಎಂದು ಶಂಕರೆಪ್ಪ ಅದರ ಚಪ್ಪರಕ್ಕೆ ಬಣ್ಣಬಣ್ಣದ ಲೈಟಿನ ಸರ ಬಿಗಿಸಿ, ಬೆಳತನಕ ಉರಿಸುತ್ತಿದ್ದ. ಬೆಳಕಿಗೆ ಹುಳ ಬಂದವು. ಹುಳಕ್ಕೆ ಜೇಡ ಬಂದವು. ತಿಂದದ್ದನ್ನೂ ತಿಂದು ಬಿಟ್ಟದ್ದನ್ನೂ ಎಲ್ಲವೂ ಸೇರಿ ಶಂಕರೆಪ್ಪನ ಬಿಳಿ ನೆಲದ ಮೇಲೆ ಇಳಿಸಿ ಹೋದವು. ಸಾಸಿವೆ ಕಾಳಿನಷ್ಟು ಹಿಕ್ಕೆಯ ಕರೀ ಚುಕ್ಕೆ, ಎಣಿಸಲು ಕುಳಿತರೆ ಹೊಸ ಬೋಟು ಹಳೆಯದಾಗುವಷ್ಟು.

“ರಾತ್ರಿ ಲೈಟ್ ಆರಸ್ರಿ ಸಾವ್ಕಾರ್ರ,” ಎಂದು ಸಾವಂತ್ರೆವ್ವ ಮೊದಲ ವಾರವೇ ಹೇಳಿದ್ದಳು. “ಬೆಳಕ ಇರಲಿಲ್ಲಂದ್ರ ಹುಳ ಬರಂಗಿಲ್ಲ. ಹುಳ ಬರಲಿಲ್ಲಂದ್ರ ಜ್ಯಾಡ ಬರಂಗಿಲ್ಲ.”

“ನೀ ಬರತಿ ಅಲ್ಲ, ತಿಕ್ಕಾಕ? ಮತ್ತ್ಯಾಕ ಆರಸಬೇಕು?” ಎಂದಿದ್ದ ಅವನು.

ತಿಕ್ಕಲು ಅವನು ಕೊಟ್ಟದ್ದು ಪಾಯಖಾನೆ ತೊಳೆಯುವ ಆ್ಯಸಿಡ್. ಅದು ಚುಕ್ಕೆ ಬಿಟ್ಟು ಅವಳ ಎರಡು ಬೆರಳಿನ ಚರ್ಮ ತೆಗೆಯಿತು. ಆಮೇಲೆ ಅವಳೇ ದಾರಿ ಹುಡುಕಿದಳು. ಹಳೆಯ ಧೋತರದ ಚೂರುಗಳನ್ನು ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ, ಚಿಟಿಕೆ ಸುಣ್ಣ ಬೆರೆಸಿ ನೆನೆಹಾಕುವುದು. ಚುಕ್ಕೆಗಳ ಮೇಲೆ ಹಾಸಿ ಕಲ್ಲು ಹೇರುವುದು. ಅವು ಮೆತ್ತಗಾದ ಮೇಲೆ ತೆಂಗಿನ ನಾರಿನಿಂದ ತಿಕ್ಕುವುದು. ಕಾಲು ಜಾರಬಾರದೆಂದು ಆ ನೆಲಕ್ಕೆ ರವೆ ಎರಚಿದಂಥ ತರಿ ಕೂಡಿಸಿದ್ದರು. ಸೋಡಾ ಆ ತರಿಯೊಳಗೆ ಹೊಕ್ಕು ಕೂಡುತ್ತಿತ್ತು. ಮೂರು ಸಲ ಸಿಹಿನೀರು ಹೊಯ್ದರಷ್ಟೇ ಹೊರಗೆ ಬರುತ್ತಿತ್ತು.

ಈ ಸಲ ಅವಳು ಮೂರು ದಿನ ತಿಕ್ಕಿದ್ದಳು, ಶಂಕರೆಪ್ಪನಿಗಾಗಿ ಅಲ್ಲ. ಹಿನ್ನೀರಿನ ನಡುವೆ ಒಂದು ದಿಬ್ಬವಿದೆ. ಡ್ಯಾಮು ಕಟ್ಟಿದಾಗ ಅವಳ ತವರಿನ ಕೇರಿಯೆಲ್ಲ ಮುಳುಗಿ, ಹೆಣ ಹೂಳುವ ಆ ದಿಬ್ಬ ಮಾತ್ರ ಉಳಿದಿತ್ತು. ಎರಡು ವರ್ಷದ ಹಿಂದೆ, ನೀರು ಇಳಿದ ಬೇಸಿಗೆಯಲ್ಲಿ, ತಾಯಿಯನ್ನು ಕೆಸರಿನಲ್ಲಿ ಹೊತ್ತೊಯ್ದು ಅಪ್ಪನ ಮಗ್ಗುಲಿಗೆ ಮಲಗಿಸಿ ಬಂದಿದ್ದರು. ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಬರುವುದು ಮಳೆಗಾಲ ಮುಗಿಯುವಾಗ, ನೀರು ತುಂಬಿ ತುಳುಕುವಾಗ. ಎರಡು ವರ್ಷ ಅವಳು ದಂಡೆಯಲ್ಲೇ ನಿಂತು ದಿಬ್ಬದತ್ತ ಕೈ ಮುಗಿದಿದ್ದಳು.

“ಒಂದ ಚುಕ್ಕಿ ಉಳೀದಂಗ ತಗದ್ಯಂದ್ರ,” ಎಂದಿದ್ದ ಶಂಕರೆಪ್ಪ, “ಅಮಾಸಿ ದಿನ ಸಾಹೇಬ್ರನ್ನ ಅಡ್ಡಾಡಿಸಿ ಇಳಿಸಿದ ಮ್ಯಾಲೆ ನಿನ್ನ ಮಗಾ ಒಯ್ದು ತರಲಿ. ಹೋಗು.”

ಇವತ್ತು ಆ ಅಮಾವಾಸ್ಯೆ. ಹೋಳಿಗೆ, ಹುರಿದ ಮೀನು, ತಾಯಿಗೆ ಪ್ರೀತಿಯ ಎಲೆ-ತಂಬಾಕು ಕಟ್ಟಿದ ಗಂಟು ಹಲಗೆಯ ತುದಿಯಲ್ಲಿತ್ತು. ನೆಲದ ಮೇಲೆ ಒಂದೇ ಒಂದು ಚುಕ್ಕೆ ಉಳಿದಿತ್ತು. ಅದನ್ನು ಅವಳು ಉಗುರಿನಿಂದಲೇ ಕೆರೆದು ತೆಗೆದಳು.

*

ಶಂಕರೆಪ್ಪನ ಗಂಟಲಲ್ಲಿ ಮೂವರು ಬಾಡಿಗೆಗಿದ್ದರು. ಒಬ್ಬ ಸಾಹೇಬರ ಫೋನಿಗೆ ಬರುವವನು: “ಯಸ್ ಸರ್, ರೆಡಿ ಸರ್, ನೆಲಾ ಅಂದ್ರ ಹಾಲ ಚಲ್ಲಿದಂಗ ಐತ್ರಿ ಸರ್, ನೀವು ಬರೂದ, ಬೋಟಿನ ಲೈಸನ್ಸಿಗೆ ಸಹಿ ಮಾಡೂದ ಸರ್.” ಎರಡನೆಯವನು ಅಯ್ಯನವರ ಮುಂದೆ, ಕಂಬಳಿಯಡಿಯಿಂದ ಮಾತಾಡಿದ ಹಾಗೆ: “ಬರ್ರಿ ಅಯ್ಯಾರ, ಪಾದಾ ಇಡ್ರಿ, ನಾವು ಪಾವನಾ ಆಗೋಣು.” ಮೂರನೆಯವನು ಕೇರಿಯವರ ಪಾಲಿನವನು. ಅವನಿಗೆ ಬಾಡಿಗೆ ಮಾಫಿ, ಹೀಗಾಗಿ ಯಾವಾಗಲೂ ಮನೆಯಲ್ಲೇ ಇರುತ್ತಿದ್ದ.

ಬೋಟಿನ ಪೂಜೆಗೆಂದು ಅಯ್ಯನವರು ಮುಂಜಾನೆಯ ಬಿಸಿಲಿನಲ್ಲಿ ಹೊಸ ಬಿಳಿ ಧೋತರ ಉಟ್ಟು ದಂಡೆಗಿಳಿದರು. ಹಿಂದೆ ಶಂಕರೆಪ್ಪನ ಹೆಂಡತಿ ಗುರವ್ವ ಆರತಿ ತಾಟು ಹಿಡಿದು ಬಂದಳು. ಊರಿನ ಹತ್ತಿಪ್ಪತ್ತು ಜನ ಬಂದರು.

“ಇನ್ನೆರಡ ಸಲ ಸಿಹಿನೀರ ಹೊಯ್ತೇನ್ರಿ ಸಾವ್ಕಾರ್ರ,” ಎಂದು ಸಾವಂತ್ರೆವ್ವ ತುಂಬಿದ ಬಕೇಟಿಗೆ ಕೈ ಹಾಕಿದಳು. “ಸೋಡಾ ಒಳಗ ಕುಂತೈತಿ.”

“ಇಳೀ ಅಂದ್ರ ಇಳೀಬೇಕು, ರಂಡೇ! ಅಯ್ಯಾರು ಬಂದದ್ದ ಕಾಣವಲ್ದ?” ಶಂಕರೆಪ್ಪ ಕಾಲಿನಿಂದ ಬಕೇಟಿಗೆ ಒದ್ದ. ಸಿಹಿನೀರು ಹೊಳೆಗೆ ಹೋಯಿತು. ಸೋಡಾದ ಬಕೇಟು ಹಿಂದೆ, ಇಂಜಿನ್ನಿನ ಹತ್ತಿರ ಉಳಿಯಿತು. “ಹಲಗಿ ಮ್ಯಾಲೆ ಬರಬ್ಯಾಡ, ನೀರಾಗ ಇಳಿ.”

ಅವಳು ನೀರಿಗಿಳಿದಳು. ಸೊಂಟದ ತನಕ ಬಂತು. ಇಂಜಿನ್ನಿನ ಮುಂದೆ ಮಗ ಕಾಂತೇಶ ಕುಳಿತಿದ್ದ. ಊರ ಗೌಡರ ಮಕ್ಕಳ್ಯಾರೂ ಬೋಟು ಕಲಿಯಲು ಒಪ್ಪದಿದ್ದಾಗ ಶಂಕರೆಪ್ಪ ಅವನನ್ನು ಗೋವೆಗೆ ಕಳಿಸಿ ಕಲಿಸಿದ್ದ. ಅವನೂ ನೀರಿನ ಕಡೆಯಿಂದಲೇ ಹತ್ತಬೇಕು, ಇಂಜಿನ್ನಿನ ಮಗ್ಗುಲಲ್ಲೇ ಕೂಡಬೇಕು. ಶಂಕರೆಪ್ಪನ ಲೆಕ್ಕದಲ್ಲಿ ಇಂಜಿನ್ನಿಗೆ ಜಾತಿ ಇರಲಿಲ್ಲ, ನೆಲಕ್ಕಿತ್ತು.

ಅಯ್ಯನವರು ನೆಲ ನೋಡಿದರು. ಚೊಕ್ಕಟವಿತ್ತು. ಅದೇ ಅವರಿಗೆ ಚಿಂತೆಯಾಯಿತು.

“ಯಾರು ತಿಕ್ಕಿದ್ದು?”

“ಕೆಲಸದಾಕ್ರಿ. ಸಾವಂತ್ರಿ.”

“ಅಂದ್ರ ಮೊದಲ ಶುದ್ಧಿ ಆಗಬೇಕು. ಆಮ್ಯಾಲೆ ಪೂಜಿ.”

ಬೋಟಿನ ನಡುವೆ ಮಣೆ ಹಾಕಿಸಿಕೊಂಡು ಪದ್ಮಾಸನ ಹಾಕಿದರು. ದೊಡ್ಡ ತಾಮ್ರದ ಬಿಂದಿಗೆಯಲ್ಲಿ ಅರಿಷಿಣ ಕದಡಿಸಿದರು. ಸಾವಂತ್ರೆವ್ವ ಮೂರು ದಿನ ಕುಳಿತಲ್ಲೆಲ್ಲ, ಕೈ ಊರಿದಲ್ಲೆಲ್ಲ, ಮಾವಿನೆಲೆಯ ತಪ್ಪಲು ಅದ್ದಿ ಅದ್ದಿ ಚಿಮುಕಿಸಿದರು.

ಅರಿಷಿಣದ ಹನಿ ಬಿದ್ದಲ್ಲೆಲ್ಲ ನೆಲ ಕೆಂಪಾಯಿತು. ಮೊದಲು ಇಟ್ಟಂಗಿ ಬಣ್ಣ, ಆಮೇಲೆ ನೆತ್ತರಿನ ಬಣ್ಣ. ತರಿತರಿ ನೆಲದ ಮೇಲೆ ಅದು ಹರಡುತ್ತ ಹರಡುತ್ತ ಮಣೆಯ ಕಾಲಿಗೆ ಬಂದು ಮುಟ್ಟಿತು.

“ಶಿವಶಿವಾ!” ಅಯ್ಯನವರ ಕೈಯ ತಪ್ಪಲು ಬಿತ್ತು. “ಶಂಕ್ರೆಪ್ಪಾ, ಈಕಿ ಮುಟ್ಟಾಗಿ ಬೋಟ್ ಹತ್ಯಾಳೊ! ಗಂಗವ್ವ ತೋರಿಸಿಕೊಟ್ಟಳು ನೋಡು!”

ಜನ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಚೆನ್ನಾಗಿ ಕಾಣಲಿ ಎಂದು, ಎರಡು ಹೆಜ್ಜೆ ಮುಂದೆ ಬಂದರು.

“ಅರಿಷಿಣಕ್ಕ ಸೋಡಾ ಹತ್ತಿದ್ರ ಕೆಂಪ ಆಗತೈತ್ರಿ ಅಯ್ಯಾರ,” ಎಂದಳು ಸಾವಂತ್ರೆವ್ವ ನೀರಿನಿಂದ. “ಸುಣ್ಣ ಹಾಕಿ ಓಕುಳಿ ಮಾಡಂಗಿಲ್ಲೇನ್ರಿ?”

“ನನಗ ಅರಿಷಿಣ ಕಲಸೂದ ಕಲಿಸಾಕ ಬಂದ್ಯಾ?”

“ಮುಟ್ಟಾಗಿ ಹತ್ತೀ ಏನ್, ಬೋಸುಡಿ? ಖರೇ ಹೇಳು!” ಇದು ಶಂಕರೆಪ್ಪನ ಮೂರನೆಯವನು.

“ನನಗದು ನಿಂತ ಆರ್ ವರ್ಷ ಆತ್ರಿ.”

ಹೇಳಿದ ಮೇಲೆ ಅವಳಿಗೆ ಮಗನ ನೆನಪಾಯಿತು. ಕಾಂತೇಶ ಬೆನ್ನು ತಿರುಗಿಸಿ ಕುಳಿತಿದ್ದ, ಕತ್ತು ಕೆಂಡವಾಗಿತ್ತು. ದಂಡೆಯ ಮೇಲೆ ಯಾವನೋ ಕಿಸಕ್ಕೆಂದ. “ಸರಕಾರಿ ದಾಖಲಿ ಐತೇನಬೇ?” ಎಂದ ಇನ್ನೊಬ್ಬ. ಆಗ ಎಲ್ಲರೂ ನಕ್ಕರು.

“ಗುರವ್ವಾ,” ಎಂದ ಶಂಕರೆಪ್ಪ, “ಶೆಡ್ಡಿನ ಹಿಂದ ಕರಕೊಂಡ ಹೋಗಿ ನೋಡಿ ಬಾ.”

“ಅಯ್ಯ, ಮುಟ್ಟಿದ್ರ ನನಗೂ ಜಳಕ ಬರತೈತಿ.”

“ನೀ ಯಾಕ ಮುಟ್ಟತೀ? ದೂರ ನಿಂದ್ರು. ಸೀರಿ ಆಕೀನ ಎತ್ತಲಿ.”

*

ಶೆಡ್ಡಿನ ಹಿಂದೆ ಡೀಸೆಲ್ ಡಬ್ಬಿಗಳಿದ್ದವು, ಒಂದು ಮುರುಕು ಕುರ್ಚಿ ಇತ್ತು. ಗುರವ್ವ ತಾಟು ಹಿಡಿದುಕೊಂಡೇ ಬಂದಿದ್ದಳು.

“ಎತ್ತು,” ಎಂದಳು.

ಸಾವಂತ್ರೆವ್ವ ತೊಯ್ದ ಸೀರೆ ಎತ್ತಿದಳು. ಮೂರು ದಿನ ತರಿನೆಲದ ಮೇಲೆ ಊರಿದ ಮೊಣಕಾಲು ಸುಲಿದು ಹೋಗಿದ್ದವು. ಅದನ್ನು ಬಿಟ್ಟರೆ ಅಲ್ಲಿ ಕೆಂಪೆಂಬುದು ಇರಲಿಲ್ಲ. ಗುರವ್ವ ನೋಡಿದಳು. ನೋಡಿ, ಮುಖ ತಿರುಗಿಸಿದಳು.

“ಅಕ್ಕಾರ,” ಎಂದಳು ಸಾವಂತ್ರೆವ್ವ, ಸೀರೆ ಇಳಿಬಿಡುತ್ತ, “ನಿಮ್ಮ ತಾಟಿನ್ಯಾಗಿನ ಕೆಂಪ ನೀರು ಯಾತರದ್ರಿ?”

ಗುರವ್ವ ತಾಟಿನೊಳಗಿನ ಓಕುಳಿ ನೋಡಿದಳು. ಮುಂಜಾನೆ ತಾನೇ ಅರಿಷಿಣಕ್ಕೆ ಸುಣ್ಣ ಕದಡಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

“ಗೊತ್ತೈತಿ ಬಿಡ. ಗೊತ್ತಿದ್ದದ್ದೆಲ್ಲಾ ಹೇಳಾಕ ಆಗತೈತೇನ?”

ಹೊರಗೆ ಬಂದು ಗಂಡನಿಗೆ ಹೇಳಿದಳು: “ನನಗೇನ್ ತಿಳೀಲಿಲ್ರಿ. ಹಸೀ ಸೀರಿ, ಏನ್ ಕಾಣತೈತಿ?”

ಅಷ್ಟು ಸಾಕಾಯಿತು. ಅಯ್ಯನವರು ಕೆಂಪು ನೆಲದ ನಡುವೆ ಮಣೆಯನ್ನೇ ನಡುಗಡ್ಡೆ ಮಾಡಿಕೊಂಡು ಕುಳಿತು, ಪಂಚಗವ್ಯ, ಹೊಸ ವಸ್ತ್ರ, ಐದು ಮಂದಿಗೆ ಊಟ ಎಂದು ಪ್ರಾಯಶ್ಚಿತ್ತ ಬರೆಸುತ್ತಿದ್ದರು. ಶಂಕರೆಪ್ಪನ ಫೋನು ಗುನುಗಿತು. ಸಾಹೇಬರು ಮುರಗೋಡ ದಾಟಿ ಊರಿನ ಹತ್ತಿರ ಬಂದಿದ್ದರು.

“ಯಸ್ ಸರ್, ಬರ್ರಿ ಸರ್,” ಎಂದು ಫೋನು ಇಟ್ಟವನ ಕಣ್ಣಿಗೆ ಹಲಗೆಯ ಮೇಲಿನ ಗಂಟು ಬಿತ್ತು. “ಇದ್ಯಾರದು?”

“ನಮ್ಮವ್ವಗ ಎಡೀರಿ. ನೀವ ಮಾತ ಕೊಟ್ಟಿದ್ರಿ.”

“ನಿಮ್ಮವ್ವಗ ಎಡಿ! ನನ್ನ ಬೋಟ್ ಮಣ್ಣ ಮಾಡಿ, ನಿಮ್ಮವ್ವಗ ಎಡಿ!” ಬೂಟುಗಾಲಿನಿಂದ ಒದ್ದ. ಗಂಟು ನೀರಿಗೆ ಬಿದ್ದು ಬಿಚ್ಚಿತು. ಹೋಳಿಗೆ ಒಂದೊಂದೇ ತೇಲಿ, ನೆನೆದು, ಮುಳುಗಿದವು. ತಂಬಾಕಿನ ಎಲೆ ಮಾತ್ರ ಬಹಳ ಹೊತ್ತು ಮುಳುಗಲಿಲ್ಲ. “ಈಗ ಹೋಗಿ ಆ ನೆಲಾ ನೆಕ್ಕಿ ತಗಿ. ಹತ್ತ ನಿಮಿಷದಾಗ ಬೆಳ್ಳಗ ಆಗಬೇಕು.”

“ಆತ್ರಿ,” ಎಂದಳು ಸಾವಂತ್ರೆವ್ವ.

ಅವಳು ನೀರಿಗಿಳಿಯಲಿಲ್ಲ. ಹಲಗೆಯ ಮೇಲೆ ಕಾಲಿಟ್ಟಳು. ಅವಳ ಕಾಲಿಗೆ ಆ ಹಲಗೆ ಹೊಸದು, ಮೆಲ್ಲಗೆ ಕುಲುಕಾಡಿತು. ‘ಏ, ಏ’ ಎಂದು ಯಾರೋ ಅನ್ನುವಷ್ಟರಲ್ಲಿ ಬೋಟು ಹತ್ತಿ, ಅಯ್ಯನವರ ಮುಂದಿದ್ದ ಬಿಂದಿಗೆ ಎತ್ತಿದಳು.

“ಓಂ,” ಎಂದಳು. ಅವರದೇ ಮೂಗಿನ ಧ್ವನಿ, ಅವರದೇ ರಾಗ. ಉಳಿದ ಅರಿಷಿಣದ ನೀರನ್ನೆಲ್ಲ ಅವರ ಮಡಿಲಿಗೆ ಸುರುವಿದಳು. ಪದ್ಮಾಸನ ಬಿಗಿಯಾಗಿ ಹಾಕಿದ್ದರು, ಲಗುಬಗೆ ಬಿಚ್ಚಲಿಲ್ಲ. ಅವರು ಒಂದು ಕಾಲು ಬಿಡಿಸಿಕೊಳ್ಳುವಷ್ಟರಲ್ಲಿ ಸೋಡಾದ ಬಕೇಟು ಬಂತು.

ಹೊಸ ಬಿಳಿ ಧೋತರ, ಸರಿಯಾಗಿ ತೊಡೆಯ ನಡುವಿನಿಂದ, ನೆತ್ತರುಗೆಂಪಾಗಿ ಅರಳಿತು.

ದಂಡೆಯ ಜನ ಮತ್ತೆರಡು ಹೆಜ್ಜೆ ಮುಂದೆ ಬಂದರು.

“ಅಯ್ಯಾರೂ ಮುಟ್ಟಾದ್ರು ನೋಡ್ರಿ, ಸಾವ್ಕಾರ್ರ,” ಎಂದಳು ಸಾವಂತ್ರೆವ್ವ. “ಗುರವ್ವಕ್ಕಾರ್ನ ಕರೀರಿ. ಶೆಡ್ಡಿನ ಹಿಂದ ಒಯ್ದು ನೋಡಲಿ.”

ಶಂಕರೆಪ್ಪ ಹಲಗೆಯ ಮೇಲೆ ಓಡಿ ಬಂದ. ಅವಳು ಆಗಲೇ ಗೂಟದ ಹಗ್ಗ ಬಿಚ್ಚಿದ್ದಳು. ಬೋಟು ಒಂದು ಮೊಳ ಸರಿಯಿತು, ಎರಡು ಮೊಳ ಸರಿಯಿತು. ಜಿಗಿದರೆ ಸಿಗುತ್ತಿತ್ತು. ಆದರೆ ಕೆಂಪು ನೆಲದ ಮೇಲೆ ಜಿಗಿಯಲು ಅವನ ಕಾಲು ಏಳಲಿಲ್ಲ.

“ಏ ಕಾಂತ್ಯಾ! ಬೋಟ್ ಹಚ್ಚಲೇ ದಂಡಿಗೆ, ಹಡಸುಮಗನ! ನಾಳಿಂದ ನಿನ್ನ ಊರಾಗ ಉಳಸಂಗಿಲ್ಲ!”

“ದಂಡಿಗೆ ಹಚ್ಚೊ ತಮ್ಮಾ,” ಎಂದರು ಅಯ್ಯನವರು. ಇಷ್ಟು ದಿನದಲ್ಲಿ ಅವರು ಕಾಂತೇಶನನ್ನು ತಮ್ಮಾ ಎಂದದ್ದು ಇದೇ ಮೊದಲು.

ಕಾಂತೇಶನ ಕೈ ಕೀಲಿಯ ಮೇಲಿತ್ತು. ಅವ್ವನ ಕಡೆ ನೋಡಿದ.

“ನಿಮ್ಮಾಯಿನ್ನ ಹೂಳಿದ ದಿಬ್ಬಕ್ಕ ನಡಿ.”

“ಬುತ್ತಿ ಹೋತಲ್ಲಬೇ. ಬರಿಗೈಲೆ?”

“ಎಡಿ ಹೋದ್ರ ಹೋತು. ನಾವರ ಹೋಗೂಣು. ಎರಡ ವರ್ಷ ಆತು ಮಾರಿ ತೋರಿಸಿ.”

ಮೇಲೆ ರಸ್ತೆಯ ತಿರುವಿನಲ್ಲಿ ಸಾಹೇಬರ ಬಿಳಿ ಕಾರು ಕಾಣಿಸಿಕೊಂಡಿತು. ಅದರ ಹಿಂದೆ ಪೊಲೀಸ್ ಜೀಪೊಂದಿತ್ತು. ಕಾಂತೇಶ ಕೀಲಿ ತಿರುವಿದ. ಬೋಟು ಗುರ್ರೆಂದು ಮೂಗು ಎತ್ತಿ, ದಂಡೆಗೆ ಬೆನ್ನು ಹಾಕಿ, ಒಮ್ಮೆಲೇ ವಾಲಿ ತಿರುಗಿತು. ಮಣೆ ಜಾರಿತು. ಅಯ್ಯನವರು ಎರಡೂ ಕೈ ಗಾಳಿಯಲ್ಲಿ ಆಡಿಸಿ, ಹಿಡಿಯಲು ಬೇರೇನೂ ಸಿಗದೆ, ಸಾವಂತ್ರೆವ್ವನ ರಟ್ಟೆಯನ್ನು ಗಟ್ಟಿಯಾಗಿ ಅಪ್ಪಿ ಹಿಡಿದರು.

ಅವಳು ಕೊಡವಲಿಲ್ಲ.

“ಬಿಡಬ್ಯಾಡ್ರಿ ಅಯ್ಯಾರ,” ಎಂದಳು. “ಮುಂದ ಭಾಳ ಆಳ ಐತಿ.”