ಎರಡೂವರೆ ಕಿಲೋ

ಬಂಕಾಪುರದ ಹತ್ತಿರ, ಹೈವೇಗೆ ಹತ್ತಿಕೊಂಡೇ, ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆ. ಹೆಸರು ಬೇಡ ಬಿಡಿ. ಹಾನಗಲ್ಲು, ಸವಣೂರು, ಹಿರೇಕೆರೂರು ಕಡೆಯ ಹೆಣ್ಣುಮಕ್ಕಳೆಲ್ಲ ಅಲ್ಲಿಗೆ ಹೆರಿಗೆಗೆ ಬರುತ್ತಾರೆ ಅಂದರೆ ಅದಕ್ಕೆ ಅರ್ಧ ಕಾರಣ ಹೆಡ್ ನರ್ಸ್ ಶೈಲಶ್ರೀ. ಹತ್ತೊಂಬತ್ತು ವರ್ಷದ ಸರ್ವಿಸು. ಬೈಯುವ ಬಾಯಿ ದೊಡ್ಡದು, ಕರಗುವ ಮನಸ್ಸು ಅದಕ್ಕಿಂತ ದೊಡ್ಡದು. ಆ ಮನಸ್ಸೇ ಅವಳಿಗೆ ಮುಳುವಾದದ್ದು.

ಆಸ್ಪತ್ರೆಯ ಡಾಕ್ಟರ್ ಸುಯಮೀಂದ್ರ, ಇನ್ನೂ ಮೂವತ್ತು ದಾಟದವರು, ಧಾರವಾಡದಲ್ಲಿ ಮೂರು ದಿನದ ಕ್ವಾಲಿಟಿ ತರಬೇತಿ ಮುಗಿಸಿ ಬಂದರು. ಬಂದವರೇ ಹೆರಿಗೆ ರಿಜಿಸ್ಟರಿನ ಒಂದು ವರ್ಷದ ಲೆಕ್ಕವನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿದರು. ಒಂದು ಮಂಗಳವಾರ ಮಧ್ಯಾಹ್ನ ನರ್ಸುಗಳನ್ನೆಲ್ಲ ಕೂರಿಸಿ, ಗೋಡೆಯ ಮೇಲೆ ಚಿತ್ರ ಬೀಳಿಸಿದರು. ಹುಟ್ಟಿದ ಕೂಸುಗಳ ತೂಕ. ಒಂದೊಂದು ತೂಕಕ್ಕೆ ಒಂದೊಂದು ಕಂಬ, ಎಷ್ಟು ಕೂಸೋ ಅಷ್ಟು ಎತ್ತರ.

"ಇದಕ್ಕ ಹಿಸ್ಟೋಗ್ರಾಂ ಅಂತಾರ. ಕಂಬ ಹಗೂರಕ ಏರಬೇಕು, ಹಗೂರಕ ಇಳೀಬೇಕು. ಇಲ್ಲಿ ನೋಡ್ರಿ," ಎಂದರು ಡಾಕ್ಟರು. "ಎರಡು ಪಾಯಿಂಟ್ ನಾಲ್ಕರಾಗ ಅರವತ್ತೆರಡು ಕೂಸು. ಎರಡು ಪಾಯಿಂಟ್ ಆರರಾಗ ಎಪ್ಪತ್ನಾಲ್ಕು. ನಡುವಿನ ಎರಡೂವರಿಯೊಳಗ ಮಾತ್ರ ನೂರಾ ಹದಿನೆಂಟು! ಇಷ್ಟು ಕೂಸು ಒಂದ ತೂಕಕ್ಕ ಯಾಕ ಹುಟ್ತಾವ?"

ಎಲ್ಲರೂ ನಕ್ಕರು. ಶೈಲಶ್ರೀ ಮಾತ್ರ ನಗಲಿಲ್ಲ. ಆ ಹೆಚ್ಚಿನ ನಲವತ್ತು ಕೂಸುಗಳನ್ನು ಹುಟ್ಟಿಸಿದ್ದು ಅವಳ ಪೆನ್ನು.

ಆದದ್ದು ಇಷ್ಟೆ. ಎರಡೂವರೆ ಕಿಲೋಕ್ಕಿಂತ ಕಡಿಮೆಯಿದ್ದ ಕೂಸನ್ನು ವಾರದವರೆಗೆ ಮನೆಗೆ ಕಳಿಸಬಾರದು ಅಂತ ಆಸ್ಪತ್ರೆಯ ರೂಲು. ಹಸಿ ಬಾಣಂತಿ ಅಮಾವಾಸ್ಯೆಯ ದಿನ ದವಾಖಾನೆಯಲ್ಲಿ ಇರಬಾರದು ಅಂತ ಊರಿನ ರೂಲು. ಎರಡೂ ರೂಲು ತಿಂಗಳಿಗೊಮ್ಮೆ ಶೈಲಶ್ರೀಯ ಮೇಜಿನ ಮುಂದೆ ಬಂದು ಜಗಳಕ್ಕೆ ನಿಲ್ಲುತ್ತಿದ್ದವು. ಅಮಾವಾಸ್ಯೆ ಎರಡು ಮೂರು ದಿನ ಇದೆ ಅನ್ನುವಾಗಲೇ ಮುದುಕಿಯರು ಬಂದು ಅವಳ ಕೈ ಹಿಡಿಯುವವರು. "ಯವ್ವಾ, ನಿನ್ನ ಕಾಲ ಬೀಳತೇನಿ, ಅಮಾಸಿ ಒಳಗ ನಮ್ಮನ್ನ ಮನೀ ಮುಟ್ಟಸು" ಎಂದು ಅಳುವವರು. ರಾತ್ರಿ ಪಾಳಿಯವರು ಚೀಟಿಯಲ್ಲಿ ಗೀಚಿಟ್ಟ ತೂಕವನ್ನು ಬೆಳಿಗ್ಗೆ ರಿಜಿಸ್ಟರಿಗೂ ತಾಯಿ ಕಾರ್ಡಿಗೂ ನೀಟಾಗಿ ಇಳಿಸುವವಳು ಇವಳೇ. ಮೊದಲ ಸಲ ಎರಡು ಕಿಲೋ ನಾನೂರೈವತ್ತು ಗ್ರಾಂ ಇದ್ದದ್ದನ್ನು ಎರಡೂವರೆ ಮಾಡಿದಳು. ಐವತ್ತು ಗ್ರಾಂ, ಏನು ಮಹಾ! ಆಮೇಲೆ ಎರಡು ಪಾಯಿಂಟ್ ನಾಲ್ಕು ಎರಡೂವರೆ ಆಯಿತು, ಎರಡು ಪಾಯಿಂಟ್ ಮೂರೂ ಆಯಿತು. ಕೈಗೆ ಅಭ್ಯಾಸವಾದ ಮೇಲೆ ಪೆನ್ನು ಯಾರನ್ನೂ ಕೇಳುವುದಿಲ್ಲ ನೋಡಿ. ಚೀಟಿಗಳು ಕಸದ ಬುಟ್ಟಿಗೆ ಹೋದವು.

ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಬಿಳಿ ಹಲಗೆಯ ತುಂಬ ಒಂದು ಮೀನಿನ ಮುಳ್ಳು ಬರೆದರು. ಬೆಳ್ಳುಳ್ಳಿಯೂ ಒಳಗೆ ಬಾರದ ಮನೆಯ ಹುಡುಗ ಇಷ್ಟುದ್ದ ಮೀನಿನ ಮುಳ್ಳು ಬರೆದರೆ ಯಾರಿಗೆ ನಗು ಬರುವುದಿಲ್ಲ? ಮೀನಿನ ತಲೆಯಲ್ಲಿ ಸಮಸ್ಯೆ, ಒಂದೊಂದು ಮುಳ್ಳಿಗೆ ಒಂದೊಂದು ಕಾರಣ. "ಹೇಳ್ರಿ, ಏನೇನು ಕಾರಣ ಇರಬಹುದು?" ಎಂದು ಕೇಳಿದರು.

ಯಾರೂ ಬಾಯಿ ಬಿಡುವ ಮೊದಲೇ ಶೈಲಶ್ರೀಯ ಬಾಯಿ ತಾನಾಗಿ ಬಿಚ್ಚಿಕೊಂಡಿತು. "ಹಳೇ ತಕ್ಕಡಿ ಇರಬೇಕ್ರಿ ಸರ. ಅದು ಎರಡೂವರಿ ಕಡೆ ಬಂದ್ರ ಸಿಕ್ಕೊಂಡು ನಿಂದರತಿತ್ತು."

ಪಾಪ, ಆ ತಕ್ಕಡಿ ಎರಡು ತಿಂಗಳ ಹಿಂದೆಯೇ ಕೆಟ್ಟು ಗುಜರಿಗೆ ಹೋಗಿತ್ತು. ಪರೀಕ್ಷೆ ಮಾಡಿ ನೋಡೋಣವೆಂದರೆ ಅದು ಇಲ್ಲ, ನಾನಲ್ಲ ಎಂದು ಹೇಳಲು ಅದಕ್ಕೆ ಬಾಯಿಲ್ಲ. ಡಾಕ್ಟರಿಗೆ ಖುಷಿಯೋ ಖುಷಿ. ತಕ್ಕಡಿ ಎಂದು ಬರೆದು, ಸುತ್ತ ಕೆಂಪು ಗೆರೆ ಎಳೆದು, ಸಾಯಂಕಾಲವೇ ಟ್ರಸ್ಟಿಗೆ ವರದಿ ಕಳಿಸಿಬಿಟ್ಟರು. ಹೊಸ ತಕ್ಕಡಿ ಬಂದಿದೆ, ಸಮಸ್ಯೆ ಮುಗಿದಿದೆ ಅಂತ. "ಸಿಸ್ಟರ್ ಇದ್ದದ್ದಕ್ಕ ಆತು ನೋಡ್ರಿ" ಅಂತ ಎಲ್ಲರೆದುರು ಹೊಗಳಿದರು ಬೇರೆ.

ಶೈಲಶ್ರೀಗೆ ಮನೆಗೆ ಹೋಗಿ ರೊಟ್ಟಿ ಬಡಿಯುತ್ತ ನಿಂತರೂ ಅದೇ ಯೋಚನೆ. ಆ ನಲವತ್ತು ಕೂಸುಗಳು ಈಗ ಎಲ್ಲಿವೆ? ಸಣ್ಣ ಕೂಸು ಅಂತ ಕಾರ್ಡಿನಲ್ಲಿ ಬರೆದಿದ್ದರೆ ಆಶಾ ಕಾರ್ಯಕರ್ತೆಯರು ಹೆಚ್ಚಿಗೆ ಬಂದು ನೋಡುತ್ತಿದ್ದರು, ಬೆಚ್ಚಗಿಡುವುದು ಹೇಗೆಂದು ಹೇಳಿಕೊಡುತ್ತಿದ್ದರು. ಇವು ಕಾರ್ಡಿನ ಪ್ರಕಾರ ಗಟ್ಟಿಮುಟ್ಟು. ಯಾರು ಬಂದಾರು? ಹೇಳಿಬಿಟ್ಟರೆ ನೌಕರಿಗೆ ಕುತ್ತು, ಹತ್ತೊಂಬತ್ತು ವರ್ಷದ ಹೆಸರಿಗೆ ಮಣ್ಣು. ಹೇಳದಿದ್ದರೆ ಆ ಕೂಸುಗಳನ್ನು ಹುಡುಕಿಕೊಂಡು ಹೋಗುವವರು ಭೂಮಿ ಮೇಲೆ ಯಾರೂ ಇಲ್ಲ. ಎರಡು ದಿನ ಸುಮ್ಮನಿದ್ದಳು. ಮೂರು ದಿನ ಸುಮ್ಮನಿದ್ದಳು. ಛೀ, ನನ್ನ ಬಾಳುವೆ ಸುಡಲಿ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡು ಮತ್ತೆ ಸುಮ್ಮನಾದಳು.

ನಾಲ್ಕನೇ ದಿನ ಅಫ್ಸಾನಾ ಬಂದಳು. ಸವಣೂರಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿತ್ತು, ಶೈಲಶ್ರೀಯ ಕೈ ಕೆಳಗೇ ಪಳಗಿದ ನರ್ಸು. ತಕ್ಕಡಿ ಯಾವಾಗಿನಿಂದ ಕೆಟ್ಟಿತ್ತೆಂದು ನೋಡಲು, ಎರಡೂವರೆ ಕಿಲೋದ ಕೂಸುಗಳು ಯಾವ ಯಾವ ದಿನ ಹುಟ್ಟಿವೆಯೋ ಅಲ್ಲೆಲ್ಲ ಚುಕ್ಕಿ ಇಡು ಅಂತ ಡಾಕ್ಟರು ಅವಳಿಗೆ ಕೆಲಸ ಹಚ್ಚಿದ್ದರಂತೆ. ಹಳೆಯ ಕ್ಯಾಲೆಂಡರು ಹಿಡಿದುಕೊಂಡು ಬಂದಿದ್ದಳು.

"ಅಕ್ಕಾರ, ಇಲ್ಲಿ ನೋಡ್ರಿ. ಚುಕ್ಕಿ ತಿಂಗಳಿಗೊಮ್ಮೆ ಗುಂಪು ಗುಂಪಾಗಿ ಬಿದ್ದಾವ. ಹಿಂದಿನ ವರ್ಷ ರಂಜಾನ್ ಚಾಂದ್ ಕಂಡಿದ್ದು ಈ ದಿನಾರಿ, ಅದಕ್ಕಿಂತ ಎರಡು ಮೂರು ದಿನ ಮೊದಲ ಒಂದು ಗುಂಪು. ಈದ್ ಚಾಂದಕ್ಕೂ ಹಂಗ. ಚಾಂದ್ ಕಾಣೂದು ಅಮಾಸಿ ಆದ ಮ್ಯಾಲ ಅಲ್ರೀ? ಎಲ್ಲಾ ಗುಂಪೂ ಅಮಾಸಿ ಹಿಂದಾರಿ! ಆ ದಿನದಾಗ ಒಂದೂ ಸಣ್ಣ ಕೂಸು ಹುಟ್ಟಿಲ್ಲ, ರಿಜಿಸ್ಟರಿನ್ಯಾಗ. ತಕ್ಕಡಿಗೆ ಅಮಾಸಿ ಹೆಂಗ ಗೊತ್ತಾಗತೈತ್ರಿ ಅಕ್ಕಾರ?"

ದಿನಾ ಪಂಚಾಂಗ ಓದುವ ಮನೆಯ ಡಾಕ್ಟರಿಗೆ ಹೊಳೆಯದ್ದು ಈ ಹುಡುಗಿಗೆ ಹೊಳೆದಿತ್ತು. ನಗುತ್ತಲೇ ತಲೆಯೆತ್ತಿದ ಅಫ್ಸಾನಾ ಶೈಲಶ್ರೀಯ ಮುಖ ನೋಡಿದಳು. ಅವಳ ನಗು ಅಲ್ಲೇ ನಿಂತಿತು. ರಾತ್ರಿ ಪಾಳಿಯಲ್ಲಿ ತಾನೇ ಬರೆದಿಟ್ಟ ಚೀಟಿಗಳು ನೆನಪಿಗೆ ಬಂದವೋ ಏನೋ. ಕ್ಯಾಲೆಂಡರನ್ನು ಮಡಚಿ ಎದೆಗವಚಿಕೊಂಡಳು.

"ನಾ ಯಾರಿಗೂ ಹೇಳೂದಿಲ್ರಿ ಅಕ್ಕಾರ. ಅಲ್ಲಾನ ಆಣಿ," ಎಂದಳು ಮೆಲ್ಲಗೆ.

ಬೈದಿದ್ದರೆ ಶೈಲಶ್ರೀ ತಡೆದುಕೊಳ್ಳುತ್ತಿದ್ದಳು. ತಾನು ಕಲಿಸಿದ ಹುಡುಗಿ ತನಗೋಸ್ಕರ ಸುಳ್ಳಿಗೆ ಸಿದ್ಧಳಾಗಿ ನಿಂತದ್ದು ಮಾತ್ರ ತಡೆಯಲಾಗಲಿಲ್ಲ. ಅವಳ ಕೈಯಿಂದ ಕ್ಯಾಲೆಂಡರು ಕಸಿದುಕೊಂಡು ನೇರ ಡಾಕ್ಟರ ರೂಮಿಗೆ ಹೋದಳು. ನಿಂತಲ್ಲೇ ಎಲ್ಲ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಟ್ರಸ್ಟಿಗೆ ತಕ್ಕಡಿ ಅಂತ ಬರದು ಕಳಿಸೇನಿ ನಾ," ಎಂದರು. ಆಮೇಲೆ ದನಿ ಏರಿತು. "ಮುದುಕ್ಯಾರು ಅತ್ರು, ನೀವು ಕರಗಿದ್ರಿ, ಖರೆ. ಕೂಸಿನ ಸಲುವಾಗಿ ಯಾರು ಅಳಬೇಕಿತ್ತ್ರಿ ಸಿಸ್ಟರ್?"

ಶೈಲಶ್ರೀ ಕ್ಯಾಲೆಂಡರನ್ನು ಅವರ ಮೇಜಿನ ಮೇಲೆ ಬಿಚ್ಚಿಟ್ಟಳು.

"ವರದಿ ನಾ ತಿದ್ದತೇನಿ. ನಿಮ್ಮ ವಿಷಯ ಟ್ರಸ್ಟಿನವರು ನೋಡ್ಕೋತಾರ. ಅಷ್ಟರೊಳಗ ಈ ಚುಕ್ಕಿ ಎಲ್ಲಾ ಎಲ್ಲೆಲ್ಲಿ ಅವ, ಹುಡುಕ್ರಿ. ಒಂದೂ ಬಿಡಬ್ಯಾಡ್ರಿ."

ಅಮಾವಾಸ್ಯೆಯ ಹಿಂದಿನ ಚುಕ್ಕಿಗಳು ಐವತ್ತೆರಡು. ಅವುಗಳಲ್ಲಿ ಖರೆ ಯಾವುದು, ಸುಳ್ಳು ಯಾವುದು ಎಂದು ಎಲ್ಲವನ್ನೂ ನೆನಪಿಟ್ಟವರು ಯಾರು? ಒಂದು ಮಾತ್ರ ಶೈಲಶ್ರೀಗೆ ಚೆನ್ನಾಗಿ ನೆನಪಿತ್ತು. ಹಿರೇಬೆಂಡಿಗೇರಿಯ ಫಕ್ಕೀರವ್ವನ ಕೂಸು. ಎರಡು ಕಿಲೋ ನೂರು ಗ್ರಾಂ. ಅವಳು ಎರಡೂವರೆ ಮಾಡಿದವುಗಳಲ್ಲೇ ಎಲ್ಲಕ್ಕಿಂತ ಸಣ್ಣದು. ಮರುದಿನ ಬೆಳಿಗ್ಗೆ ಕೈತಕ್ಕಡಿ ಚೀಲಕ್ಕೆ ಹಾಕಿಕೊಂಡು ಮೊದಲು ಅಲ್ಲಿಗೇ ಹೋದಳು.

ಫಕ್ಕೀರವ್ವ ಅಜ್ಜಿಯ ಹೆಸರಿಟ್ಟುಕೊಂಡ ಇಪ್ಪತ್ತರ ಹುಡುಗಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡನ ಮನೆ ಹಾನಗಲ್ಲು. ಬಾಗಿಲಲ್ಲೇ ಅವಳ ಅವ್ವ ಸಿದ್ದವ್ವ ಶೈಲಶ್ರೀಯ ಎರಡೂ ಕೈ ಹಿಡಿದುಕೊಂಡಳು. "ಬರ್ರಿ ಬರ್ರಿ ಅಕ್ಕಾರ! ಅಮಾಸಿ ಒಳಗ ಮನೀ ಮುಟ್ಟಿಸಿದ ದೇವರು ನೀವು. ಕುಂದರ್ರಿ, ಚಾ ಮಾಡತೇನಿ."

ಕೂಸು ಬದುಕಿತ್ತು. ಶೈಲಶ್ರೀ ಹಿಡಿದಿದ್ದ ಉಸಿರು ಬಿಟ್ಟಳು. ಬಿಟ್ಟ ಮೇಲೆ ಸರಿಯಾಗಿ ನೋಡಿದಳು. ಎರಡೂವರೆ ತಿಂಗಳ ಕೂಸಿನ ತೊಡೆಯ ಚರ್ಮ ಜೋತುಬಿದ್ದಿತ್ತು, ಕಣ್ಣು ಒಳಗೆ ಹೋಗಿದ್ದವು. ಪಕ್ಕದಲ್ಲಿ ಎಮ್ಮೆ ಹಾಲಿನ ಬಾಟಲಿ, ಅದರ ಬಾಯಿಗೆ ನೊಣ ಮುತ್ತಿತ್ತು.

"ಬಾಟ್ಲಿ ಯಾಕ್ರಿ?"

"ಮತ್ತೇನ ಮಾಡೂದ್ರಿ?" ಸಿದ್ದವ್ವ ಮಗಳ ಕಡೆ ಬೆರಳು ಮಾಡಿದಳು. "ಈಕಿ ಹಾಲಿನ್ಯಾಗ ಕಸುವ ಇಲ್ಲ. ಇಪ್ಪತ್ತೊಂದನೇ ದಿನ ಆಶಾದಾಕಿ ಬಂದು ತೂಕ ಮಾಡಿದ್ಲು, ಎರಡು ಕಿಲೋ ನಾನೂರು ಬಂತು. ಹುಟ್ಟಿದಾಗ ಎರಡೂವರಿ ಇದ್ದ ಕೂಸು ಇಳದೇತಿ ಅಂದ್ಲು. ಹಾನಗಲ್ಲಿನ ಬೀಗ್ತಿನೂ ಬಂದು ನಾಕು ಮಂದ್ಯಾಗ ಆಡಿದ್ಲು, ನಿಮ್ಮ ಮಗಳ ಎದಿಹಾಲು ನೀರಾಗೇತಿ ಅಂತ. ಅವತ್ತ ಎದಿ ಬಿಡಿಸಿ ಬಾಟ್ಲಿ ಹಚ್ಚೇವಿ. ಈಗ ನೋಡಿದ್ರ ವಾರಕ್ಕೊಮ್ಮೆ ಭೇದಿ. ಏನ ಕರ್ಮಾನೋ."

ಫಕ್ಕೀರವ್ವ ತಲೆ ಎತ್ತಲಿಲ್ಲ. ಅಷ್ಟು ದಿನದಲ್ಲಿ ಆ ಮಾತು ಅವಳಿಗೆ ರೂಢಿಯಾಗಿ ಹೋಗಿತ್ತು.

ಕೂಸಿಗೆ ಚಳಿಯಾದೀತು, ಜ್ವರ ಬಂದೀತು ಅಂತ ಶೈಲಶ್ರೀ ಹೆದರಿದ್ದಳು. ತನ್ನ ಒಂದು ಅಂಕಿ ತಾಯಿಯ ಎದೆಯಿಂದಲೇ ಕೂಸನ್ನು ಕಿತ್ತೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಇಪ್ಪತ್ತು ಅಮಾವಾಸ್ಯೆ ದವಾಖಾನೆಯಲ್ಲೇ ಕಳೆದಿದ್ದರೂ ಇದಕ್ಕಿಂತ ಕೇಡು ಏನಾಗುತ್ತಿತ್ತು? ಚಹಾದ ಕಪ್ಪು ಕೆಳಗಿಟ್ಟಳು.

"ಸಿದ್ದವ್ವ, ಕೂಸು ಹುಟ್ಟಿದಾಗ ಎರಡೂವರಿ ಇರಲಿಲ್ಲ. ಎರಡು ಕಿಲೋ ನೂರು ಗ್ರಾಂ ಇತ್ತು. ನಿಮ್ಮನ್ನ ಅಮಾಸಿ ಒಳಗ ಕಳಸಾಕಂತ ನಾನ ಸುಳ್ಳು ಬರದೆ. ತಪ್ಪು ನಂದು."

ಸಿದ್ದವ್ವನಿಗೆ ತಲೆಬುಡ ತಿಳಿಯಲಿಲ್ಲ. "ಅದರಾಗೇನ ತಪ್ಪು ಬಿಡ್ರಿ, ನಮ್ಮ ಸಲುವಾಗಿ ಮಾಡಿದ್ರಿ," ಎಂದು ಉಪಚಾರದ ಮಾತಾಡಿದಳು.

ಫಕ್ಕೀರವ್ವ ಪಿಯುಸಿ ಓದಿದವಳು. ಮೊದಲ ಸಲ ತಲೆಯೆತ್ತಿದಳು. "ಎರಡು ಕಿಲೋ ನೂರರಿಂದ ಎರಡು ಕಿಲೋ ನಾನೂರಕ್ಕ..." ಎಂದು ತುಟಿಯಲ್ಲೇ ಎಣಿಸಿದಳು. "ಮುನ್ನೂರು ಗ್ರಾಂ ಏರಿತ್ತೇನ್ರಿ?"

"ಏರಿತ್ತವಾ. ಚಲೋ ಏರಿತ್ತು."

"ಅಂದ್ರ ನನ್ನ ಹಾಲು ಚಲೋ ಇತ್ತು."

ಶೈಲಶ್ರೀ ಹೌದೆಂದು ತಲೆಯಾಡಿಸಿದಳು.

"ಈಗ ಬತ್ತೇತ್ರಿ," ಎಂದಳು ಹುಡುಗಿ.

"ಮತ್ತ ಹಚ್ಚಿ ನೋಡೂಣವಾ. ಘಳಿಗಿ ಘಳಿಗಿಗೆ ಹಚ್ಚಿದ್ರ ಒಮ್ಮೊಮ್ಮೆ ತಿರುಗಿ ಬರತೈತಿ. ನಾ ದಿನಾ ಬಂದು ಕುಂದರತೇನಿ," ಎನ್ನುವಾಗ ಅವಳಿಗೆ ಅಳು ಬಂತು. ತನಗೆ ಅಳುವ ಹಕ್ಕೂ ಇಲ್ಲ ಅನ್ನಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಫಕ್ಕೀರವ್ವ ಎದ್ದು ಒಳಗೆ ಹೋಗಿ ತಾಯಿ ಕಾರ್ಡು ತಂದಳು. ಹುಟ್ಟಿದ ತೂಕದ ಸಾಲಿದ್ದ ಪುಟ ಬಿಚ್ಚಿ ಶೈಲಶ್ರೀಯ ಮುಂದೆ ಹಿಡಿದಳು. "ಇದನ್ನ ಹೊಡದು ಹಾಕ್ರಿ. ಖರೇದು ಬರೀರಿ."

ಶೈಲಶ್ರೀ ತನ್ನ ದುಂಡು ಅಕ್ಷರದ ಎರಡೂವರೆಯನ್ನು ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಎರಡು ಕಿಲೋ ನೂರು ಗ್ರಾಂ ಎಂದು ಬರೆದಳು.

"ಯಾರು ತಪ್ಪು ಬರದಿದ್ರು ಅನ್ನೂದೂ ಬರೀರಿ. ಹೆಸರು ಹಾಕ್ರಿ. ಹಾನಗಲ್ಲಿಗೆ ಒಯ್ಯೂದೈತಿ."

ಅದನ್ನೂ ಬರೆದಳು. ಫಕ್ಕೀರವ್ವ ಕಾರ್ಡು ಇಸಕೊಂಡು, ಎರಡು ಸಲ ಓದಿ, ಅವ್ವನ ಕಡೆ ತಿರುಗಿದಳು. ಸಿದ್ದವ್ವ ಅಷ್ಟರಲ್ಲಿ ಅಳುವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿ ಬಾಯಿಗಿಡುತ್ತಿದ್ದಳು.

"ತಗಿ ಅವ್ವಾ ಅದನ್ನ," ಎಂದಳು ಫಕ್ಕೀರವ್ವ. "ಕೂಸು ಇಲ್ಲಿ ಕೊಡು."